ಕಿಮೋ ಬೇಕೇ, ಬೇಡವೇ? ನಿರ್ಧರಿಸುವ ಮುನ್ನ ತಿಳಿಯಬೇಕಾದದ್ದು

ವಯಸ್ಸು ಮೂವತ್ತಮೂರೋ ಮೂವತ್ತನಾಲ್ಕೋ. ಮನೆಯಲ್ಲಿ ಎರಡು ವರ್ಷದ ಮಗು. ಎದೆಯಲ್ಲಿ ಕೈಗೆ ಸಿಕ್ಕ ಗಂಟನ್ನು ‘ಹಾಲು ಕಟ್ಟಿರಬೇಕು’ ಎಂದು ಕೆಲವು ತಿಂಗಳು ಹಾಗೇ ಬಿಟ್ಟದ್ದಾಯಿತು. ಕೊನೆಗೆ ಬಯಾಪ್ಸಿ ಆಯಿತು, ಶಸ್ತ್ರಚಿಕಿತ್ಸೆಯೂ ಆಯಿತು. ಈಗ ವೈದ್ಯರು ‘ಕಿಮೋಥೆರಪಿ ಬೇಕಾಗಬಹುದು’ ಎನ್ನುತ್ತಾರೆ. ಅಷ್ಟು ಕೇಳಿದ್ದೇ ತಡ, ಮನೆಯಲ್ಲಿ ಮಾತು ಶುರು. ‘ಕೂದಲೆಲ್ಲ ಉದುರುತ್ತದಂತೆ’, ‘ಇನ್ನು ಮಕ್ಕಳಾಗುವುದಿಲ್ಲವಂತೆ’, ‘ಕಿಮೋ ಕೊಟ್ಟವರು ಉಳಿಯುವುದಿಲ್ಲವಂತೆ’. ಗಂಡ, ಅಣ್ಣ, ಮಾವ ಹಜಾರದಲ್ಲಿ ಕುಳಿತು ಚರ್ಚಿಸುತ್ತಾರೆ. ಯಾರ ಬಗ್ಗೆ ಈ ಚರ್ಚೆಯೋ ಅವಳು ಒಳಕೋಣೆಯಲ್ಲಿರುತ್ತಾಳೆ.

ನಮ್ಮ ದೇಶದಲ್ಲಿ ಸ್ತನ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತಿದೆ. ಹಾಗಾಗಿ ಈ ಪ್ರಶ್ನೆ ಯಾವ ಮನೆಗೂ ಬರಬಹುದು. ಕಿಮೋ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ‘ನನ್ನ ಕಾಯಿಲೆಗೆ ಇದರಿಂದ ಎಷ್ಟು ಪ್ರಯೋಜನ?’ ಎಂದು ಕೇಳಬೇಕು.

ಕಿಮೋ ಮಾಡುವ ಕೆಲಸ

ಶಸ್ತ್ರಚಿಕಿತ್ಸೆಯಲ್ಲಿ ಗಂಟು ಹೊರಬಂದ ಮೇಲೆ ಮತ್ತೇಕೆ ಔಷಧಿ ಎಂದು ಅನೇಕರು ಕೇಳುತ್ತಾರೆ. ಗಂಟು ತೆಗೆಯುವ ಮೊದಲೇ ಕೆಲವು ಕ್ಯಾನ್ಸರ್ ಕಣಗಳು ರಕ್ತದ ಮೂಲಕ ಬೇರೆಡೆಗೆ ಹೋಗಿರಬಹುದು. ಅವು ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ವರ್ಷಗಳ ನಂತರ ಎಲುಬು, ಪಿತ್ತಜನಕಾಂಗ, ಶ್ವಾಸಕೋಶಗಳಲ್ಲಿ ಬೆಳೆದು ಕಾಣಿಸಿಕೊಳ್ಳಬಹುದು. ಅವನ್ನು ಮೊದಲೇ ನಾಶ ಮಾಡುವುದು ಕಿಮೋದ ಉದ್ದೇಶ. ಗಂಟು ದೊಡ್ಡದಿದ್ದರೆ ಅದನ್ನು ಕುಗ್ಗಿಸಲು ಶಸ್ತ್ರಚಿಕಿತ್ಸೆಗೆ ಮೊದಲೇ ಕೊಡುವುದೂ ಉಂಟು. ಕಾಯಿಲೆ ಈಗಾಗಲೇ ಬೇರೆ ಅಂಗಗಳಿಗೆ ಹರಡಿದ್ದರೆ ಲೆಕ್ಕಾಚಾರ ಬೇರೆ. ಇಲ್ಲಿ ಹೇಳುತ್ತಿರುವುದು ಹರಡುವ ಮೊದಲೇ ಪತ್ತೆಯಾದ ಕಾಯಿಲೆಯ ಬಗ್ಗೆ.

ರಿಪೋರ್ಟನ್ನು ಕೇಳಿ ತಿಳಿದುಕೊಳ್ಳಿ

‘ಚಿಕ್ಕ ವಯಸ್ಸಲ್ಲವೇ, ಕಿಮೋ ಬೇಕೇ ಬೇಕು’ ಎನ್ನುವವರಿದ್ದಾರೆ. ವಯಸ್ಸೊಂದೇ ಕಾರಣವಾಗುವುದಿಲ್ಲ. ಗಂಟಿನ ಗಾತ್ರ ಎಷ್ಟು, ಕಂಕುಳಿನ ಗ್ರಂಥಿಗಳಿಗೆ ತಲುಪಿದೆಯೇ, ಕಣಗಳು ಎಷ್ಟು ವೇಗವಾಗಿ ಬೆಳೆಯುವಂಥವು, ಇಆರ್, ಪಿಆರ್ ಮತ್ತು ಹರ್-2 ಪರೀಕ್ಷೆಗಳ ಫಲಿತಾಂಶ ಏನು ಎಂಬುದನ್ನು ವೈದ್ಯರಿಂದ ಕೇಳಿ ಬರೆದಿಟ್ಟುಕೊಳ್ಳಿ.

ಮೂರೂ ನೆಗೆಟಿವ್ ಇದ್ದರೆ ಅದನ್ನು ‘ಟ್ರಿಪಲ್ ನೆಗೆಟಿವ್’ ಎನ್ನುತ್ತಾರೆ. ಇದು ಯುವತಿಯರಲ್ಲಿ ಹೆಚ್ಚು. ಇದಕ್ಕೆ ಹಾರ್ಮೋನ್ ಮಾತ್ರೆ ಕೆಲಸ ಮಾಡುವುದಿಲ್ಲ. ಆದ್ದರಿಂದ ತೀರಾ ಸಣ್ಣ ಗಂಟುಗಳನ್ನು ಬಿಟ್ಟರೆ ಕಿಮೋ ಬಹುತೇಕ ಅನಿವಾರ್ಯ. ಹರ್-2 ಪಾಸಿಟಿವ್ ಆದರೆ ಸಾಮಾನ್ಯವಾಗಿ ಕಿಮೋ ಜೊತೆ ಟ್ರಾಸ್ಟುಜುಮ್ಯಾಬ್ ಎಂಬ ಇಂಜೆಕ್ಷನ್ ಕೊಡುತ್ತಾರೆ. ಈ ಎರಡು ಬಗೆಗಳಲ್ಲಿ ಭಯದಿಂದ ಕಿಮೋ ಬಿಟ್ಟರೆ ದೊಡ್ಡ ಅಪಾಯ.

ನಿಜವಾಗಿ ಯೋಚಿಸಬೇಕಾಗುವುದು ಮೂರನೆಯ ಬಗೆಯಲ್ಲಿ: ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್. ಇಲ್ಲಿ ಮುಖ್ಯ ಚಿಕಿತ್ಸೆ ವರ್ಷಗಟ್ಟಲೆ ತೆಗೆದುಕೊಳ್ಳುವ ಟ್ಯಾಮಾಕ್ಸಿಫೆನ್‌ನಂಥ ಮಾತ್ರೆ. ಅದರ ಮೇಲೆ ಕಿಮೋ ಕೂಡ ಬೇಕೇ ಎಂದು ತಿಳಿಯಲು ಗಂಟಿನ ತುಣುಕಿನ ಮೇಲೆ ‘ಆಂಕೋಟೈಪ್ ಡಿಎಕ್ಸ್’ ಎಂಬ ವಂಶವಾಹಿ ಪರೀಕ್ಷೆ ಮಾಡುತ್ತಾರೆ. ಬೆಂಗಳೂರಿನಲ್ಲೇ ರೂಪಿಸಿದ ‘ಕ್ಯಾನ್‌ಅಸಿಸ್ಟ್ ಬ್ರೆಸ್ಟ್’ ಎಂಬ ಪರೀಕ್ಷೆಯೂ ಇದೆ. ಗ್ರಂಥಿಗಳಿಗೆ ಹರಡದ ಇಂಥ ಕಾಯಿಲೆಯಲ್ಲಿ ಆಂಕೋಟೈಪ್ ಅಂಕ ಮಧ್ಯಮವಾಗಿದ್ದ ಹೆಚ್ಚಿನ ಮಹಿಳೆಯರಿಗೆ ಕಿಮೋದಿಂದ ಹೆಚ್ಚುವರಿ ಲಾಭವಿಲ್ಲ ಎಂದು 2018ರಲ್ಲಿ ಪ್ರಕಟವಾದ ‘ಟೇಲರ್ ಆರ್‌ಎಕ್ಸ್’ ಅಧ್ಯಯನ ತೋರಿಸಿತು. ಆದರೆ 50 ವರ್ಷದೊಳಗಿನವರಲ್ಲಿ ಅಂಕ 16ರಿಂದ 25ರ ನಡುವೆ ಇದ್ದಾಗ ಸ್ವಲ್ಪ ಲಾಭ ಕಂಡಿತು. ಆ ಲಾಭದ ಒಂದು ಭಾಗ ಕಿಮೋದಿಂದ ಅಂಡಾಶಯ ಸ್ತಬ್ಧವಾಗುವುದರಿಂದ ಬರುತ್ತಿರಬಹುದು ಎಂದು ತಜ್ಞರು ಹೇಳುತ್ತಾರೆ. ಹಾಗಿದ್ದರೆ ಅಂಡಾಶಯವನ್ನು ಸ್ತಬ್ಧಗೊಳಿಸುವ ಇಂಜೆಕ್ಷನ್ ಮತ್ತು ಮಾತ್ರೆ ಸಾಕಾಗುವುದೇ? ಈ ಪ್ರಶ್ನೆಯನ್ನು ನಿಮ್ಮ ವೈದ್ಯರ ಮುಂದಿಡಿ.

ನೂರರಲ್ಲಿ ಎಷ್ಟು ಮಂದಿಗೆ?

‘ಕಿಮೋ ಅಪಾಯವನ್ನು ಮೂರನೆಯ ಒಂದು ಭಾಗ ತಗ್ಗಿಸುತ್ತದೆ’ ಎಂದರೆ ದೊಡ್ಡ ಲಾಭವೆನಿಸುತ್ತದೆ. ಒಂದು ಉದಾಹರಣೆ ನೋಡಿ. ಒಂದೇ ಬಗೆಯ ಕಾಯಿಲೆಯ 100 ಮಹಿಳೆಯರಲ್ಲಿ 30 ಮಂದಿಗೆ ಅದು ಮರಳಿ ಬರುವ ಸಂಭವವಿದ್ದರೆ, ಕಿಮೋದಿಂದ ಆ ಸಂಖ್ಯೆ 20ಕ್ಕೆ ಇಳಿಯುತ್ತದೆ. ಹತ್ತು ಮಂದಿ ಉಳಿದರು. ಆದರೆ ಮರಳಿ ಬರುವ ಸಂಭವ 6 ಮಂದಿಗೆ ಮಾತ್ರ ಇದ್ದರೆ ಅದು 4ಕ್ಕೆ ಇಳಿಯುತ್ತದೆ. ಲಾಭ ಇಬ್ಬರಿಗೆ. ಅಡ್ಡಪರಿಣಾಮ ಮಾತ್ರ ನೂರು ಮಂದಿಗೂ. ಆದ್ದರಿಂದ ‘ನನ್ನಂಥ ನೂರು ಮಂದಿಯಲ್ಲಿ ಕಿಮೋದಿಂದ ಎಷ್ಟು ಮಂದಿ ಹೆಚ್ಚು ಬದುಕುತ್ತಾರೆ?’ ಎಂದು ನೇರವಾಗಿ ಕೇಳಿ.

ಇಬ್ಬರಿಗೆ ಲಾಭ ಎಂದಾಗ ‘ಆ ಇಬ್ಬರಲ್ಲಿ ನಾನೂ ಇರಬಹುದು, ಮಕ್ಕಳಿಗಾಗಿ ತೆಗೆದುಕೊಳ್ಳುತ್ತೇನೆ’ ಎನ್ನುವವರಿದ್ದಾರೆ. ‘ಇಷ್ಟಕ್ಕೆ ಬೇಡ’ ಎನ್ನುವವರೂ ಇದ್ದಾರೆ. ಎರಡೂ ತಪ್ಪಲ್ಲ, ಲೆಕ್ಕ ತಿಳಿದು ಹೇಳಿದ್ದಾದರೆ.

ಮಕ್ಕಳ ವಿಷಯ ಮೊದಲೇ ಮಾತಾಡಿ

ಸೈಕ್ಲೋಫಾಸ್ಫಮೈಡ್‌ನಂಥ ಔಷಧಿಗಳು ಅಂಡಾಶಯಕ್ಕೆ ಹಾನಿ ಮಾಡಬಲ್ಲವು. ವಯಸ್ಸು ಕಡಿಮೆಯಿದ್ದಷ್ಟೂ ಮುಟ್ಟು ಮರಳುವ ಸಾಧ್ಯತೆ ಹೆಚ್ಚು. ಆದರೂ ಖಾತರಿಯಿಲ್ಲ. ಕಿಮೋಗೆ ಮುನ್ನ ಅಂಡಾಣುಗಳನ್ನು, ಅಥವಾ ಗಂಡನ ವೀರ್ಯದೊಂದಿಗೆ ಸೇರಿಸಿದ ಭ್ರೂಣಗಳನ್ನು ಶೈತ್ಯೀಕರಿಸಿ ಇಡಬಹುದು. ಇದಕ್ಕೆ ಸುಮಾರು ಎರಡು ವಾರ ಬೇಕು. ಕಿಮೋ ನಡೆಯುವಷ್ಟು ಕಾಲ ಗೋಸರೆಲಿನ್ ಇಂಜೆಕ್ಷನ್ ಕೊಟ್ಟು ಅಂಡಾಶಯವನ್ನು ಒಂದಷ್ಟು ಕಾಪಾಡಲೂ ಆಗುತ್ತದೆ. ಧಾರ್ಮಿಕವಾಗಿ ಸಂದೇಹವಿದ್ದರೆ ಬಲ್ಲ ವಿದ್ವಾಂಸರನ್ನು ಅದೇ ವಾರ ಕೇಳಿ. ಮದುವೆಯಾಗದ ಹುಡುಗಿಯಾದರೆ ‘ಇದನ್ನೆಲ್ಲ ಹೇಗೆ ಕೇಳುವುದು’ ಎಂಬ ಸಂಕೋಚದಲ್ಲಿ ಉಮ್ಮ ಸುಮ್ಮನಾಗುವುದುಂಟು. ಈ ಮೌನದ ಬೆಲೆಯನ್ನು ಮಗಳು ಮುಂದೆ ತೆರಬೇಕಾಗುತ್ತದೆ.

ಕಿಮೋ ಸಮಯದಲ್ಲಿ ಮುಟ್ಟು ನಿಂತರೂ ಗರ್ಭ ನಿಲ್ಲಬಹುದು. ಆದ್ದರಿಂದ ಗರ್ಭ ತಡೆಯಬೇಕು, ಅದಕ್ಕೆ ಹಾರ್ಮೋನ್ ಮಾತ್ರೆ ಬಳಸಬಾರದು. ಮಗುವಿಗೆ ಎದೆಹಾಲು ಕೊಡುವಂತಿಲ್ಲ. ಈಗಾಗಲೇ ಗರ್ಭಿಣಿಯಾಗಿದ್ದರೆ ಗಾಬರಿ ಬೇಡ; ಮೊದಲ ಮೂರು ತಿಂಗಳು ಕಳೆದ ಮೇಲೆ ಕೆಲವು ಕಿಮೋ ಔಷಧಿಗಳನ್ನು ಕೊಡಬಹುದು.

ಕಷ್ಟ ಎಷ್ಟು?

ಸಾಮಾನ್ಯವಾಗಿ ಎರಡು ಅಥವಾ ಮೂರು ವಾರಕ್ಕೊಮ್ಮೆ, ಒಟ್ಟು ನಾಲ್ಕರಿಂದ ಆರು ತಿಂಗಳು. ಹೆಚ್ಚಿನ ಔಷಧಿಗಳಲ್ಲಿ ಮೊದಲ ಡೋಸ್ ಆಗಿ ಎರಡು ಮೂರು ವಾರಕ್ಕೆ ಕೂದಲು ಉದುರುತ್ತದೆ, ಮುಗಿದ ಮೇಲೆ ಮತ್ತೆ ಬೆಳೆಯುತ್ತದೆ. ವಾಂತಿಗೆ ಈಗ ಒಳ್ಳೆಯ ಮದ್ದುಗಳಿವೆ. ಸುಸ್ತು, ಬಾಯಿಹುಣ್ಣು, ಬೆರಳುಗಳಲ್ಲಿ ಜೋಮು ಬರಬಹುದು. ಕೆಲವು ಔಷಧಿಗಳು ಹೃದಯದ ಮೇಲೆ ಪರಿಣಾಮ ಬೀರುವುದರಿಂದ ಮೊದಲೇ ಎಕೋ ಪರೀಕ್ಷೆ ಮಾಡುತ್ತಾರೆ. ಬಿಳಿ ರಕ್ತಕಣ ಇಳಿದಾಗ ಬರುವ ಸೋಂಕು ಎಲ್ಲಕ್ಕಿಂತ ಅಪಾಯಕಾರಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಎಂದು ಕಾಯಬೇಡಿ.

ರಮಝಾನಿನಲ್ಲಿ ಕಿಮೋ ಬಂದರೆ ಹಲವರು ಉಪವಾಸ ಬಿಡಲು ಮನಸ್ಸು ಮಾಡುವುದಿಲ್ಲ. ವಾಂತಿ, ಭೇದಿಯ ನಡುವೆ ನೀರು ಕುಡಿಯದಿದ್ದರೆ ಮೂತ್ರಪಿಂಡಕ್ಕೆ ತೊಂದರೆ. ರೋಗಿಗೆ ಕುರ್‌ಆನ್ ಸ್ಪಷ್ಟವಾಗಿ ಕೊಟ್ಟಿರುವ ರಿಯಾಯಿತಿಯನ್ನು ತಪ್ಪಿತಸ್ಥ ಭಾವವಿಲ್ಲದೆ ಸ್ವೀಕರಿಸಿ.

ಮನೆಮದ್ದಿನ ಭರವಸೆ

ಕಲೋಂಜಿ, ಜೇನು, ಗಿಡಮೂಲಿಕೆ ಎಂದು ಸಲಹೆ ಕೊಡುವವರು ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಗುಣಪಡಿಸಬಹುದಾದ ಹಂತದಲ್ಲಿದ್ದ ಸ್ತನ ಕ್ಯಾನ್ಸರಿಗೆ ವೈದ್ಯಕೀಯ ಚಿಕಿತ್ಸೆ ಬಿಟ್ಟು ಪರ್ಯಾಯ ಮದ್ದನ್ನೇ ನೆಚ್ಚಿದವರಲ್ಲಿ ಸಾವಿನ ಅಪಾಯ ಐದು ಪಟ್ಟಿಗೂ ಹೆಚ್ಚು ಎಂದು ಅಮೆರಿಕದ ಒಂದು ಅಧ್ಯಯನದಲ್ಲಿ ಕಂಡುಬಂದಿದೆ. ಕಿಮೋ ಜೊತೆ ಬೇರೇನಾದರೂ ಸೇವಿಸುವುದಿದ್ದರೆ ವೈದ್ಯರಿಗೆ ಹೇಳಿಯೇ ಸೇವಿಸಿ.

ಸಮಯ ಮತ್ತು ಹಣ

ಯೋಚಿಸಲು, ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಲು ಒಂದೆರಡು ವಾರ ತೆಗೆದುಕೊಂಡರೆ ಸಾಮಾನ್ಯವಾಗಿ ನಷ್ಟವಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಮೂರು ತಿಂಗಳು ದಾಟಿಸಿದರೆ ಲಾಭ ಕಡಿಮೆಯಾಗುತ್ತದೆ. ಹಣಕ್ಕಾಗಿ ಒಡವೆ ಅಡವಿಡುವ ಮೊದಲು ವಿಚಾರಿಸಿ: ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಸರಕಾರದ್ದೇ.

ಮನೆಯವರಿಗೆ ಒಂದು ಮಾತು. ಮುಂದಿನ ಭೇಟಿಗೆ ಅವಳನ್ನು ವೈದ್ಯರ ಎದುರಿನ ಕುರ್ಚಿಯಲ್ಲಿ ಕೂರಿಸಿ, ನೀವು ಪಕ್ಕದಲ್ಲಿ ಕುಳಿತುಕೊಳ್ಳಿ. ರಿಪೋರ್ಟನ್ನು ಅವಳಿಂದ ಮುಚ್ಚಿಡಬೇಡಿ. ಸೂಜಿ ಚುಚ್ಚುವುದು ಅವಳ ಕೈಗೆ, ಉಳಿಯಬೇಕಾದದ್ದು ಅವಳ ಜೀವ. ನೀವು ಮಗುವನ್ನು ನೋಡಿಕೊಂಡು, ಅಡುಗೆಮನೆಯ ಭಾರ ಹೊತ್ತು, ಕಿಮೋ ದಿನ ಜೊತೆಗೆ ಹೋದರೆ ಅವಳ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಬೇಕೋ ಬೇಡವೋ ಎಂಬ ಮಾತು ಮಾತ್ರ, ಎಲ್ಲವನ್ನೂ ತಿಳಿದುಕೊಂಡ ಮೇಲೆ, ಅವಳ ಬಾಯಿಂದಲೇ ಬರಲಿ.