ಚರ್ಮದ ಬಣ್ಣದ ಗುಟ್ಟು ಹುಡುಕುವ ಪ್ರತಿಕಾಯ

ಒಂದೆಡೆ ಅರಬ್ಬೀ ಸಮುದ್ರ, ಇನ್ನೊಂದೆಡೆ ಫಲ್ಗುಣಿ ನದಿ. ನಡುವೆ ಮಂಗಳೂರಿನ ಬೆಂಗ್ರೆ. ಇಲ್ಲಿ ಬಲೆ ಎಳೆಯುವವರ ಮೈ ಬಿಸಿಲಿಗೆ ಕಪ್ಪೇರುವುದೇಕೆ?

ಬಿಸಿಲು ತಾಗಿದ ಚರ್ಮದಲ್ಲಿ ಹುಟ್ಟುವ ಹಾರ್ಮೋನು, ವರ್ಣಕೋಶದ ಮೇಲಿನ ‘ಎಂಸಿ1ಆರ್’ ಗ್ರಾಹಕಕ್ಕೆ ಅಂಟುತ್ತದೆ. ಆಗ ಕೋಶ ಕಪ್ಪು ಮೆಲನಿನ್ ತಯಾರಿಸಿ ಸುತ್ತಲಿನ ಕೋಶಗಳಿಗೆ ಹಂಚುತ್ತದೆ.

ಈ ಗ್ರಾಹಕದ ವಂಶವಾಹಿ ಪತ್ತೆಯಾದದ್ದು 1992ರಲ್ಲಿ. 317 ಅಮೈನೋ ಆಮ್ಲಗಳ ಈ ಪ್ರೋಟೀನನ್ನು ಗುರುತಿಸಲು, ಅದಕ್ಕೆ ಅಂಟುವ ಪ್ರತಿಕಾಯವನ್ನು ಪ್ರಯೋಗಾಲಯದಲ್ಲಿ ಬಳಸುತ್ತಾರೆ. ಅಂಟಿದಲ್ಲಿ ಹೊಳಪು ಕಾಣುತ್ತದೆ. ಆದರೆ ಗ್ರಾಹಕ ತೀರ ವಿರಳ. ಪ್ರತಿಕಾಯ ಬೇರೆ ಪ್ರೋಟೀನಿಗೆ ಅಂಟಿದರೂ ಹೊಳಪು ಅದೇ! ಆದ್ದರಿಂದ ಗ್ರಾಹಕವೇ ಇಲ್ಲದ ಕೋಶದಲ್ಲೂ ಪರೀಕ್ಷಿಸಬೇಕು. ಅಲ್ಲೂ ಹೊಳೆದರೆ ಫಲಿತಾಂಶ ನಂಬುವಂತಿಲ್ಲ.

ಬಿಳಿಯರಿಗೂ ಕರಿಯರಿಗೂ ವರ್ಣಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಮೆಲನಿನ್‌ನ ಪ್ರಮಾಣ, ಬಗೆಗಳಲ್ಲಿ. ಕಪ್ಪೆಂದು ಮೂಗು ಮುರಿಯುವವರು ತಿಳಿಯಬೇಕು: ಅದು ಬಿಸಿಲಿಗೆ ಮೈ ಹಿಡಿದ ಕೊಡೆ.