ದೇಗಾಂವದ ‘ವ’ ಎಲ್ಲಿ ಹೋಯಿತು?

ಸೋಮವಾರ ನೆಟ್‌ವರ್ಕ್ ಲ್ಯಾಬ್ ಪರೀಕ್ಷೆ. ಶನಿವಾರ ಊರಿಗೆ ಬಂದಿದ್ದೆ. ಕಮಲನಾರಾಯಣ ಗುಡಿಯಿಂದ ಹೆಸರಾದ ನಮ್ಮ ದೇಗಾಂವದಲ್ಲಿ ಅವತ್ತು ಮೊಬೈಲ್ ಸಿಗ್ನಲ್ ಇರಲಿಲ್ಲ. ಆದರೆ ನಾನು ಮಾಡಬೇಕಿದ್ದ ಪ್ರೋಗ್ರಾಮಿಗೆ ಇಂಟರ್ನೆಟ್ಟೇ ಬೇಡ. 127.0.0.1 ಎಂಬ ವಿಳಾಸ ಕೊಟ್ಟರೆ ಒಂದೇ ಲ್ಯಾಪ್‌ಟಾಪಿನೊಳಗಿನ ಎರಡು ಪ್ರೋಗ್ರಾಮ್‌ಗಳು ಮಾತಾಡಿಕೊಳ್ಳುತ್ತವೆ.

ಸಿ ಭಾಷೆಯಲ್ಲಿ ಇದಕ್ಕೆ ಮುಖ್ಯವಾಗಿ ಬೇಕಾದ ಫಂಕ್ಷನ್‌ಗಳು ನಾಲ್ಕು: ಸಾಕೆಟ್, ಬೈಂಡ್, ಸೆಂಡ್‌ಟು, ರಿಸೀವ್‌ಫ್ರಮ್. 1983ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ 4.2 ಬಿಎಸ್‌ಡಿ ಯುನಿಕ್ಸ್ ಜತೆ ಬಂದ ಇವು ಇಂದಿಗೂ ಅದೇ ಹೆಸರಿನಲ್ಲಿವೆ. ಯುಡಿಪಿ ನಿಯಮ ಅದಕ್ಕೂ ಹಳೆಯದು, 1980ರದ್ದು. ಪ್ರತಿ ಪ್ಯಾಕೆಟ್ಟಿಗೂ ಬರೀ 8 ಬೈಟ್‌ನ ಹೆಡರ್. ತಲುಪಿತೋ ಇಲ್ಲವೋ ಎಂದು ಅದು ವಿಚಾರಿಸುವುದಿಲ್ಲ.

ಇಷ್ಟೆಲ್ಲ ಬಾಯಿಪಾಠವಾಗಿತ್ತು. ‘ಹಲೋ’ ಎಂದು ಇಂಗ್ಲಿಷಿನಲ್ಲಿ ಕಳಿಸಿದರೆ ಸರಿಯಾಗಿ ಬರುತ್ತಿತ್ತು. ಪಕ್ಕದಲ್ಲಿದ್ದ ತಂಗಿಗೆ ತೋರಿಸಲೆಂದು ಕನ್ನಡದಲ್ಲಿ ‘ದೇಗಾಂವ’ ಎಂದು ಕಳಿಸಿದೆ. ‘ದೇಗಾಂ’ ಬಂತು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ.

‘ಅಣ್ಣಾ, ವ ಎಲ್ಲಿ ಹೋತು?’

ನನಗೂ ಗೊತ್ತಿರಲಿಲ್ಲ! ಉಳಿದದ್ದು ಬರಬಹುದೆಂದು ರಿಸೀವ್‌ಫ್ರಮ್ ಅನ್ನು ಮತ್ತೆ ಕರೆದೆ. ಅದು ಸುಮ್ಮನೆ ಕಾಯುತ್ತ ಕುಳಿತಿತು. ಕೊನೆಗೆ ಎರಡೂ ಫಂಕ್ಷನ್‌ಗಳು ಹಿಂದಿರುಗಿಸಿದ ಸಂಖ್ಯೆಗಳನ್ನು ಪ್ರಿಂಟ್ ಮಾಡಿದೆ. ಸೆಂಡ್‌ಟು 18 ಎಂದಿತು, ರಿಸೀವ್‌ಫ್ರಮ್ 16.

ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ದ, ಏತ್ವ, ಗ, ದೀರ್ಘ, ಸೊನ್ನೆ, ವ ಸೇರಿ ಆರು, ಅಂದರೆ 18 ಬೈಟ್. ನನ್ನ ಬಫರ್ 16. ‘ವ’ದ ಒಂದು ಬೈಟ್ ಒಳಗೆ ಬಂತು, ಎರಡು ಹೊರಗುಳಿದವು.

ಟಿಸಿಪಿ ನಳದ ನೀರಿದ್ದಂತೆ. ಕೊಡ ತುಂಬಿದರೆ ಉಳಿದದ್ದು ಮುಂದಿನ ಕೊಡಕ್ಕೆ ಸಿಗುತ್ತದೆ. ಯುಡಿಪಿ ಹಾಗಲ್ಲ, ಚೀಲವನ್ನು ಒಮ್ಮೆಲೇ ಸುರಿಯುತ್ತದೆ. ಡಬ್ಬಿ ಸಣ್ಣದಿದ್ದರೆ ಉಳಿದ ಕಾಳು ಮಣ್ಣುಪಾಲು. ಎರರ್ ಕೂಡ ಬರುವುದಿಲ್ಲ. ಲಿನಕ್ಸ್‌ನಲ್ಲಿ ರಿಸೀವ್‌ಫ್ರಮ್‌ಗೆ ಎಂಎಸ್‌ಜಿ_ಟ್ರಂಕ್ ಎಂಬ ಫ್ಲ್ಯಾಗ್ ಕೊಟ್ಟರೆ ಪ್ಯಾಕೆಟ್ಟಿನ ನಿಜವಾದ ಉದ್ದ ತಿಳಿಯುತ್ತದೆ. ಇದನ್ನು ಆಮೇಲೆ ಮ್ಯಾನ್ ಪೇಜ್ ಓದಿ ತಿಳಿದುಕೊಂಡೆ. ಅದೂ ಲ್ಯಾಪ್‌ಟಾಪಿನಲ್ಲೇ ಇತ್ತು, ಮೂರು ವರ್ಷದಲ್ಲಿ ಒಮ್ಮೆಯೂ ತೆರೆದಿರಲಿಲ್ಲ.

ಇಂಟರ್ವ್ಯೂಗೆ ಹೋಗಿಬಂದ ಸೀನಿಯರ್‌ಗಳೆಲ್ಲ ಟಿಸಿಪಿ, ಯುಡಿಪಿ ವ್ಯತ್ಯಾಸ ಕೇಳಿದರು ಎನ್ನುತ್ತಾರೆ. ‘ಯುಡಿಪಿ ನಂಬಲರ್ಹವಲ್ಲ’ ಎಂದು ನಾವು ಒಪ್ಪಿಸಿ ಬರುತ್ತೇವೆ. ಪ್ಯಾಕೆಟ್ ಕ್ಷೇಮವಾಗಿ ತಲುಪಿದ ಮೇಲೂ ನಮ್ಮ ಕೈಯಿಂದಲೇ ಕಳೆದುಹೋಗಬಹುದೆಂದು ನಾನಂತೂ ಯೋಚಿಸಿರಲಿಲ್ಲ.

ಸೋಮವಾರ ಪರೀಕ್ಷಕರು ನನ್ನ ಕೋಡ್ ನೋಡಿ, ‘ಎಲ್ಲರದೂ 16 ಇದೆ, ನಿನ್ನದು ಯಾಕೆ 1024?’ ಎಂದರು. ಊರ ಹೆಸರು ಬರೆದು ಬೈಟ್ ಎಣಿಸಿ ತೋರಿಸಿದೆ.