ದಿನವಿಡೀ ಸೈಕಲ್ ತುಳಿಯುವವರಿಗೆ

ಬೆಟ್ಟದ ಸೈಕಲ್ ಪಂದ್ಯವೆಂದರೆ ಹುಡುಗರ ಹುಚ್ಚಾಟವೆಂದು ಮನೆಯ ಹಿರಿಯರು ನಕ್ಕಾರು. ಆದರೆ ೧೯೭೦ರ ದಶಕದಲ್ಲಿ ಕ್ಯಾಲಿಫೋರ್ನಿಯದ ಗುಡ್ಡಗಳಲ್ಲಿ ಬೆಳೆದ ಈ ಆಟವು ೧೯೯೬ರಲ್ಲಿ ಒಲಿಂಪಿಕ್ಸ್ ಕೂಟವನ್ನೇ ಹೊಕ್ಕಿತು. ಬೆಳಗಿನಿಂದ ಸಂಜೆಯವರೆಗೆ ನಡೆಯುವ ಪಂದ್ಯದಲ್ಲಂತೂ ಕಾಲಿನ ಬಲದಷ್ಟೇ ಮುಂಜಾಗ್ರತೆಯೂ ಮುಖ್ಯ.

ಅಭ್ಯಾಸಕ್ಕೆ ತೊಕ್ಕೊಟ್ಟು ಹೇಳಿಮಾಡಿಸಿದ ಊರು. ಹೆದ್ದಾರಿಯನ್ನು ಬಿಟ್ಟು ಪೂರ್ವಕ್ಕೆ ತಿರುಗಿದರೆ ದೇರಳಕಟ್ಟೆ, ಕೊಣಾಜೆಗಳತ್ತ ಏರಿಳಿತದ ದಾರಿ. ಸುತ್ತಲೂ ಮುರಕಲ್ಲಿನ ಗುಡ್ಡಗಳು. ಮೊದಲು ಎರಡು ತಾಸು ತುಳಿದು, ವಾರವಾರವೂ ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು. ಪಂದ್ಯದ ಹಿಂದಿನ ವಾರ ಮೈಗೆ ಬಿಡುವಿರಲಿ. ಬ್ರೇಕು, ಟೈರುಗಳನ್ನು ನೋಡಿಕೊಂಡು, ಪಂಕ್ಚರ್ ಹಾಕುವುದನ್ನೂ ಕಲಿತಿರಬೇಕು.

ಕರಾವಳಿಯ ಸೆಕೆಯೇ ನಿಜವಾದ ಎದುರಾಳಿ. ಗಾಳಿಯಲ್ಲಿ ನೀರಾವಿ ತುಂಬಿರುವುದರಿಂದ ಬೆವರು ಬೇಗ ಆರದು, ಮೈಯ ಕಾವು ಇಳಿಯದು. ಬಾಯಾರಿಕೆಗೆ ತಕ್ಕಂತೆ ಗುಟುಕುಗುಟುಕಾಗಿ ಕುಡಿಯುವುದು ಲೇಸು. ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಉಪ್ಪಿನಂಶ ತೆಳುವಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಗಂಟೆಗೆ ೩೦ರಿಂದ ೬೦ ಗ್ರಾಂ ಶರ್ಕರಪಿಷ್ಟ ಬೇಕು. ದೊಡ್ಡ ಬಾಳೆಹಣ್ಣೊಂದರಲ್ಲಿ ಸುಮಾರು ೩೦ ಗ್ರಾಂ ಇರುತ್ತದೆ. ಅಭ್ಯಾಸದಲ್ಲಿ ಒಗ್ಗಿದ ಆಹಾರವನ್ನೇ ಪಂದ್ಯದ ದಿನವೂ ತಿನ್ನಬೇಕು.

ತಲೆ ಸುತ್ತಿದರೆ, ಮಾತು ತೊದಲಿದರೆ ಸೈಕಲಿನಿಂದಿಳಿದು ನೆರಳು ಸೇರಿ, ನೆರವು ಕೇಳಬೇಕು. ಪಂದ್ಯ ಬರುವ ವರ್ಷವೂ ನಡೆದೀತು. ಬಾಗಿಲಲ್ಲಿ ದಾರಿ ಕಾಯುವ ಮನೆಯವರಿಗೆ ಬೇಕಾದುದು ಪದಕವಲ್ಲ, ಸವಾರನ ಕ್ಷೇಮ.